ಹುಟ್ಟಿನಿಂದಲೇ ಇಲ್ಲದ ಕಾಲು: ಕ್ಯೂ72 ಹಾಕಬೇಕೋ, ಝಡ್89 ಹಾಕಬೇಕೋ?

ಚಾರ್ಟ್_ಹಾಸನ
ಅಮೆರಿಕದ ಮಕ್ಕಳ ಮೂಳೆ ವಿಭಾಗದ ಚಾರ್ಟ್‌ಗಳನ್ನ ಕೋಡ್ ಮಾಡೋರು (ಡಾಕ್ಟರ್ ಬರೆದದ್ದಕ್ಕೆ ದಾಖಲೆ, ವಿಮೆಗೆ ಬೇಕಾದ ಕೋಡ್ ಹಾಕೋರು) ಇಲ್ಲಿ ಬಹಳ ಜನ ಇದ್ದೀರಿ, ಅದಕ್ಕೇ ಇಲ್ಲಿ ಕೇಳ್ತಿದ್ದೀನಿ. ಇದು ತರಬೇತಿಗೆ ಮಾಡಿಕೊಂಡ ಮಾದರಿ ಕೇಸು, ಯಾವ ಮಗುವಿನದ್ದೂ ಅಲ್ಲ. 14 ತಿಂಗಳ ಹೆಣ್ಣು ಮಗು. ನೋಟ್‌ನಲ್ಲಿ ಇರೋದು ಇಷ್ಟು: "ಎಡಗಾಲು ಫಿಬುಲಾರ್ ಹೆಮಿಮೀಲಿಯಾ, 10ನೇ ತಿಂಗಳಲ್ಲಿ ಸೈಮ್ ಆಪರೇಷನ್ ಆಗಿದೆ, ಮೊದಲ ಕೃತಕ ಕಾಲು ತೊಡಿಸಲು ಬಂದಿದೆ."

ಅಂದರೆ ಕೆಳಗಾಲಿನ ಹೊರಗಿನ ತೆಳು ಮೂಳೆ ಫಿಬುಲಾ ಹುಟ್ಟಿನಿಂದ ಇಲ್ಲ, ಸೈಮ್‌ನಲ್ಲಿ ಕಣಕಾಲ ಮಟ್ಟದಲ್ಲಿ ಪಾದ ತೆಗೆದಿದ್ದಾರೆ. ಒಬ್ಬರು ಕ್ಯೂ72.22 (ಹುಟ್ಟಿನಿಂದ ಇಲ್ಲದ ಕಾಲು) ಹಾಕಿದರು, ಇನ್ನೊಬ್ಬರು ಝಡ್89.512 (ಹುಟ್ಟಿದ ಮೇಲೆ ಕಳೆದುಕೊಂಡ ಕಾಲು). ಆಡಿಟ್‌ನಲ್ಲಿ ಎರಡಕ್ಕೂ ಕೆಂಪು ಗೆರೆ ಬಿತ್ತು, ಕಾರಣ ಬರೆದಿಲ್ಲ. ಸರಿಯಾದ್ದು ಯಾವುದು, ಯಾಕೆ? ಬರೀ ಕೋಡ್ ಹೇಳಿ ಹೋಗಬೇಡಿ. ಈ ಮಕ್ಕಳಿಗೆ ಏನು ಮಾಡ್ತಾರೆ, ಯಾವಾಗ ಮಾಡ್ತಾರೆ ಅನ್ನೋದು ಗೊತ್ತಿದ್ದವರು ಅದನ್ನೂ ಬರೀರಿ. ಅದು ತಿಳಿಯದೆ ಓದಿದರೆ ನೋಟ್ ಅರ್ಧವೂ ತಲೆಗೆ ಹೋಗಲ್ಲ.

ಕರಾವಳಿ_ಕೋಡರ್
ಕ್ಯೂ72.62. ಎಡ ಫಿಬುಲಾ. ಮುಗೀತು.

ಆಡಿಟ್_ಬೆಂಗಳೂರು
ಮುಗಿಯಲಿಲ್ಲ. ಮೊದಲು ಕ್ಯೂ72.22 ಯಾಕೆ ತಪ್ಪು ಅಂತ ನೋಡಿ. ಕ್ಯೂ72.2 ಅಂದರೆ ಮೊಣಕಾಲಿನಿಂದ ಕೆಳಗಿನ ಕಾಲು, ಪಾದ ಎರಡೂ ಹುಟ್ಟಿನಿಂದ ಇಲ್ಲ ಅಂತ. ಈ ಮಗುವಿಗೆ ಟಿಬಿಯಾ (ಕೆಳಗಾಲಿನ ದೊಡ್ಡ ಮೂಳೆ) ಇದೆ, ಹುಟ್ಟುವಾಗ ಪಾದವೂ ಇತ್ತು. ಪಾದ ತೆಗೆದದ್ದು ಸರ್ಜನ್. ಮಗು ಹೀಗೇ ಹುಟ್ಟಿತು ಅಂತ ಬರೆದರೆ ದಾಖಲೆ ಸುಳ್ಳಾಗುತ್ತೆ.

ಪಟ್ಟಿ ಬಾಯಲ್ಲಿರಲಿ. 72.0 ಇಡೀ ಕಾಲೇ ಇಲ್ಲ. 72.1 ತೊಡೆ, ಕೆಳಗಾಲು ಇಲ್ಲ, ಆದರೆ ಪಾದ ಇದೆ. 72.2 ಮೇಲೆ ಹೇಳಿದ್ದು. 72.3 ಪಾದ, ಕಾಲ್ಬೆರಳು ಇಲ್ಲ. 72.4 ತೊಡೆಮೂಳೆಯ ಕೊರತೆ, 72.5 ಟಿಬಿಯಾ, 72.6 ಫಿಬುಲಾ. 72.7 ಸೀಳು ಪಾದ. 72.8 ಇತರೆ, 72.9 ವಿವರ ಇಲ್ಲದ್ದು. ಇಲ್ಲಿಗೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಕೋಡ್ ಪುಸ್ತಕ (ಐಸಿಡಿ-10) ನಿಲ್ಲುತ್ತೆ. ಅಮೆರಿಕದ ಐಸಿಡಿ-10-ಸಿಎಂ ಇದಕ್ಕೆ ಇನ್ನೊಂದು ಅಂಕಿ ಸೇರಿಸುತ್ತೆ: 1 ಬಲ, 2 ಎಡ, 3 ಎರಡೂ, 0 ಯಾವ ಕಡೆ ಅಂತ ಬರೆದಿಲ್ಲ. 72.8 ಮಾತ್ರ ಆರು ಅಂಕಿಗೆ ಹೋಗುತ್ತೆ, 72.811, 72.892 ಹೀಗೆ. ಅಲ್ಲಿ ಬರೆದಿಲ್ಲ ಅನ್ನೋದಕ್ಕೆ 9, ಸೊನ್ನೆ ಅಲ್ಲ. ಕ್ಲೇಮ್ ತಿರುಗಿ ಬರೋದು ಎಷ್ಟೋ ಸಲ ಇಂಥ ಸಣ್ಣದರಿಂದಲೇ.

ಹೊಸ_ಸಿಪಿಸಿ
ಇಂಡೆಕ್ಸ್‌ನಲ್ಲಿ ಹೆಮಿಮೀಲಿಯಾ ಅಂತ ನೋಡಿದರೆ ಕ್ಯೂ73.8 ತೋರಿಸುತ್ತಲ್ಲಾ?

ಆಡಿಟ್_ಬೆಂಗಳೂರು
ಆ ಗುಂಡಿಗೇ ಎಲ್ಲರೂ ಬೀಳೋದು. ಕ್ಯೂ73 ಇರೋದು ಕೈಯೋ ಕಾಲೋ ಅಂತಲೂ ಬರೆಯದ ನೋಟ್‌ಗೆ. "ಫಿಬುಲಾರ್" ಅನ್ನೋ ಒಂದು ಪದ ಸಿಕ್ಕಿದ ಮೇಲೆ ಅತ್ತ ಕಾಲಿಡಬಾರದು. ಇಂಡೆಕ್ಸ್‌ನಲ್ಲಿ ರೋಗದ ಹೆಸರು ಬಿಟ್ಟು ಮೂಳೆಯ ಹೆಸರಿನಿಂದ ಹುಡುಕಿ. ಆಮೇಲೆ ಟ್ಯಾಬ್ಯುಲರ್ (ಕೋಡ್ ಸಂಖ್ಯೆಯ ಕ್ರಮದ ಪಟ್ಟಿ) ತೆರೆದು ಖಚಿತ ಮಾಡಿಕೊಳ್ಳಿ.

ಮೂಳೆ_ಹುಬ್ಬಳ್ಳಿ
ಹೆಮಿಮೀಲಿಯಾ ಅನ್ನೋ ಶಬ್ದಾನ ಬಿಡಬೇಕ್ರಿ. ಅಮೀಲಿಯಾ, ಹೆಮಿಮೀಲಿಯಾ, ಫೋಕೋಮೀಲಿಯಾ ಎಲ್ಲಾ ಹಳೇ ಗ್ರೀಕ್ ಶಬ್ದ. ಒಬ್ಬೊಬ್ಬ ಡಾಕ್ಟರು ಒಂದೊಂದು ಅರ್ಥದಾಗ ಬರೀತಾರ. 1989ರಾಗ ಐಎಸ್‌ಒ 8548-1 ಅಂತ ಒಂದು ಮಾನಕ ಬಂತು. ಅದರಾಗ ಎರಡ ಬಗೆ ಅದಾವ. ಒಂದು ಅಡ್ಡ ಕೊರತೆ: ಒಂದು ಮಟ್ಟದ ತನಕ ಕಾಲು ಸರಿಯಾಗಿ ಬೆಳೆದಿರ್ತದ, ಅದರ ಕೆಳಗ ಏನೂ ಇರಂಗಿಲ್ಲ. ಎಲ್ಲಿಗೆ ನಿಂತದ ಅಂತ ಬರದರ ಸಾಕು, "ಕೆಳಗಾಲು, ಮೇಲಿನ ಮೂರನೇ ಒಂದು ಭಾಗ" ಹಂಗ. ಇನ್ನೊಂದು ಉದ್ದ ಕೊರತೆ: ಉದ್ದಕ್ಕೂ ಒಂದು ಮೂಳಿ ಪೂರ್ತಿ ಇಲ್ಲ ಇಲ್ಲಾ ಅರ್ಧ ಇಲ್ಲ, ಆದರ ಅದರ ಕೆಳಗ ಪಾದ ಇರ್ತದ. ಅಲ್ಲಿ ಯಾವ ಮೂಳಿ, ಪೂರ್ತಿಯೋ ಭಾಗಶಃವೋ, ಪಾದದಾಗ ಎಷ್ಟು ಸಾಲು (ಬೆರಳು, ಅದರ ಹಿಂದಿನ ಪಾದದ ಮೂಳಿ) ಉಳಿದಾವ ಅಂತ ಮ್ಯಾಲಿಂದ ಕೆಳಗ ಬರಕೊಂಡು ಹೋಗ್ತೀವಿ.

ಹಿಂಗ ಬರದರ ಕೋಡರ್‌ಗೂ ಸಲೀಸು, ಕಾಲು ಮಾಡೋರಿಗೂ ಸಲೀಸು. ಐಸಿಡಿಯೊಳಗ ಕಾಲು ಎಲ್ಲಿಗೆ ನಿಂತದ ಅನ್ನೋದು ಉಳಿಯಂಗಿಲ್ಲ. ಕಣಕಾಲ ಹತ್ರ ನಿಂತ ಕಾಲು, ಮೊಣಕಾಲ ಕೆಳಗ 5 ಸೆಂಟಿಮೀಟರಿಗೆ ನಿಂತ ಕಾಲು, ಚಿಕಿತ್ಸಾ ಬ್ಯಾರೆ ಬ್ಯಾರೆ. ಕೋಡ್ ಮಾತ್ರ ಒಂದ ಆಗಿಬಿಡಬಹುದು. ಅದಕ್ಕ ನೋಟಿನಾಗ ಬರೀಲಿಕ್ಕೇಬೇಕು.

ಟೆಕ್ಸಾಸ್_ಬಿಲ್ಲಿಂಗ್
ಡಾಕ್ಟ್ರೇ, ಇದನ್ನ ಇಲ್ಲಿನ ಸರ್ಜನ್‌ಗಳಿಗೂ ಯಾರಾದರೂ ಹೇಳಬೇಕು. "ಕಾಲಿನ ಜನ್ಮಜಾತ ಊನ" ಅಂತ ಒಂದೇ ಸಾಲು ಬರೆದು ಕಳಿಸಿದರೆ 72.9 ಬಿಟ್ಟು ಬೇರೆ ದಾರಿ ಇರಲ್ಲ. 72.90 ಹಾಕಿ ಕೃತಕ ಕಾಲಿನ ಅನುಮತಿ ಕೇಳಿದರೆ ವಿಮೆಯವರು ಒಂದೇ ಏಟಿಗೆ ಇನ್ನಷ್ಟು ದಾಖಲೆ ಕೇಳ್ತಾರೆ.

ಚಾರ್ಟ್_ಹಾಸನ
ಸರಿ, ಕ್ಯೂ72.62 ಒಪ್ಪಿದೆ. ಝಡ್89.512 ಯಾಕೆ ಬೇಡ? ಆಪರೇಷನ್ ಆಗಿರೋದು ನಿಜ ತಾನೆ?

ಆಡಿಟ್_ಬೆಂಗಳೂರು
ಮಟ್ಟ ತಪ್ಪು. 89.51 ಮೊಣಕಾಲ ಕೆಳಗೆ ಕಾಲನ್ನ ಕತ್ತರಿಸಿದ್ದಕ್ಕೆ. ಸೈಮ್ ಅಂದರೆ ಕಣಕಾಲ ಮಟ್ಟ. ಅದು ಝಡ್89.44, ಎಡ ಅಂದರೆ 89.442.

ಕರಾವಳಿ_ಕೋಡರ್
ಝಡ್89 ತೆರೆದ ಕೂಡಲೇ ಎಕ್ಸ್‌ಕ್ಲೂಡ್ಸ್1 ಕಾಣುತ್ತೆ: ಅಂಗಗಳ ಜನ್ಮಜಾತ ಇಲ್ಲದಿರುವಿಕೆ, ಕ್ಯೂ71ರಿಂದ ಕ್ಯೂ73. ಎರಡನ್ನೂ ಒಟ್ಟಿಗೆ ಹಾಕುವ ಹಾಗಿಲ್ಲ. ಅದಕ್ಕೇ ನಾನು ಕ್ಯೂ72.62 ಒಂದೇ ಅಂದದ್ದು.

ಆಡಿಟ್_ಬೆಂಗಳೂರು
ಆ ಸೂಚನೆ ಯಾಕಿದೆ ಅಂತ ಯೋಚಿಸಿ. ಒಂದೇ ಭಾಗ ಹುಟ್ಟಿನಿಂದಲೂ ಇಲ್ಲ, ಆಮೇಲೂ ತೆಗೆದರು ಅಂತ ಎರಡೂ ಆಗೋಕೆ ಸಾಧ್ಯವಿಲ್ಲ, ಅದಕ್ಕೆ. ಇಲ್ಲಿ ಹುಟ್ಟಿನಿಂದ ಇಲ್ಲದ್ದು ಫಿಬುಲಾ. ತೆಗೆದದ್ದು ಪಾದ. ಎರಡೂ ಬೇರೆ ಭಾಗ. ಎರಡು ಸ್ಥಿತಿಗಳಿಗೆ ಸಂಬಂಧವಿಲ್ಲದಿದ್ದರೆ ಎಕ್ಸ್‌ಕ್ಲೂಡ್ಸ್1 ಇದ್ದರೂ ಎರಡೂ ಹಾಕಬಹುದು ಅಂತ ಮಾರ್ಗಸೂಚಿಯಲ್ಲೇ ವಿನಾಯಿತಿ ಇದೆ.

ಕರಾವಳಿ_ಕೋಡರ್
ಸಂಬಂಧ ಇಲ್ಲ ಅಂತ ಹೇಗೆ ಹೇಳ್ತೀರಿ? ಫಿಬುಲಾ ಇಲ್ಲ ಅನ್ನೋ ಕಾರಣಕ್ಕೇ ತಾನೆ ಪಾದ ತೆಗೆದದ್ದು? ಸಂಬಂಧ ಇದ್ದೇ ಇದೆ. ಪೇಯರ್‌ನ (ಹಣ ಕೊಡುವ ವಿಮೆಯವರ) ಸಾಫ್ಟ್‌ವೇರ್ ಈ ಜೋಡಿ ಕಂಡ ಕೂಡಲೇ ತಡೆಯುತ್ತೆ.

ಆಡಿಟ್_ಬೆಂಗಳೂರು
ಸಾಫ್ಟ್‌ವೇರ್ ತಡೆಯಬಹುದು, ಅದಕ್ಕೆ ದಾಖಲೆ ಕಳಿಸಿ ಮೇಲ್ಮನವಿ ಮಾಡಬೇಕು. ಆದರೂ ನಿಮ್ಮ ಮಾತಿನಲ್ಲಿ ಹುರುಳಿದೆ. ಕಾರಣದ ಲೆಕ್ಕದಲ್ಲಿ ಸಂಬಂಧ ಇದೆ, ಅಂಗದ ಲೆಕ್ಕದಲ್ಲಿ ಇಲ್ಲ. ನನ್ನ ವಾದ ಇಷ್ಟು: ಕ್ಯೂ72.62 ಒಂದೇ ಬರೆದರೆ ಮುಂದೆ ದಾಖಲೆ ಓದುವವರಿಗೆ ಪಾದ ಇದೆ ಅನ್ನಿಸುತ್ತೆ. ಝಡ್89.442 ಒಂದೇ ಬರೆದರೆ ಮೊಣಕಾಲಿನ ಲಿಗಮೆಂಟ್ ಇಲ್ಲದ್ದು, ಟಿಬಿಯಾ ಬಾಗಿದ್ದು, ಸೊಂಟ ನೋಡಬೇಕಾದ್ದು ಎಲ್ಲ ಮಾಯವಾಗುತ್ತೆ. ಪೇಯರ್ ಒಂದೇ ಬೇಕು ಅಂತ ಲಿಖಿತ ನಿಯಮ ಕೊಟ್ಟಿದ್ದರೆ ಕ್ಯೂ ಉಳಿಸಿಕೊಳ್ಳಿ, ಆಪರೇಷನ್ ವಿಷಯ ನೋಟ್‌ನಲ್ಲಿ ಇರಲಿ.

ಟೆಕ್ಸಾಸ್_ಬಿಲ್ಲಿಂಗ್
ಮೊದಲ ಸ್ಥಾನಕ್ಕೆ ಇವೆರಡೂ ಬರಲ್ಲ. ಬಂದದ್ದೇ ಕೃತಕ ಕಾಲು ತೊಡಿಸೋಕೆ. ಝಡ್44.122 ಮೊದಲು, ಎಡಗಡೆ ಭಾಗಶಃ ಕೃತಕ ಕಾಲಿನ ಹೊಂದಾಣಿಕೆ. ಕಾಲು ಹಾಕಿಕೊಂಡೇ ಬೇರೆ ಕೆಲಸಕ್ಕೆ ಬಂದರೆ, ಉದಾಹರಣೆಗೆ ಜ್ವರಕ್ಕೆ, ಆಗ ಝಡ್97.14.

ಹೊಸ_ಸಿಪಿಸಿ
ಆಪರೇಷನ್ ಆಗಿ ಸರಿಯಾಗಿದೆ ಅಂತ ಇತಿಹಾಸದ ಕೋಡ್ ಝಡ್87.768 ಹಾಕಬಹುದಾ?

ಆಡಿಟ್_ಬೆಂಗಳೂರು
ಇಲ್ಲ. ಊನ ಸರಿಪಡಿಸಿ ಅದು ಈಗ ಇಲ್ಲವೇ ಇಲ್ಲ ಅನ್ನೋ ಹಾಗಾದಾಗ ಮಾತ್ರ ಇತಿಹಾಸದ ಕೋಡ್. ಫಿಬುಲಾ ಇವತ್ತಿಗೂ ಇಲ್ಲ. 17ನೇ ಅಧ್ಯಾಯದ ಮಾರ್ಗಸೂಚಿ ಸ್ಪಷ್ಟವಾಗಿದೆ: ಊನ ಇರುವವರೆಗೆ, 60 ವರ್ಷವಾದರೂ, ಕ್ಯೂ ಕೋಡ್ ಬಳಸಬಹುದು. ಅದು ಹಸುಗೂಸಿಗೆ ಮಾತ್ರ ಅನ್ನೋದು ತಪ್ಪು ತಿಳಿವಳಿಕೆ. ಮಗು ಹುಟ್ಟಿದ ಅಡ್ಮಿಷನ್‌ನ ಮಗುವಿನ ಚಾರ್ಟ್ ಆದರೆ ಝಡ್38 (ನವಜಾತ ಶಿಶು) ಮೊದಲು, ಅದರ ಹಿಂದೆ ಕ್ಯೂ.

ಕರಾವಳಿ_ಕೋಡರ್
ಎಡ-ಬಲ ಬಗ್ಗೆ ಒಂದು ಮಾತು. ಡಾಕ್ಟರ್ ಬರೆದಿಲ್ಲ ಅಂತ 0 ಹಾಕಿ ಕೈ ತೊಳ್ಕೊಳ್ಳಬೇಡಿ. ಡಾಕ್ಟರ್ ನೋಟ್‌ನಲ್ಲಿ ಇಲ್ಲದಿದ್ದರೆ ನರ್ಸ್, ಫಿಸಿಯೋ ಬರೆದದ್ದರಿಂದ ಕಡೆ ತಗೊಳ್ಳಬಹುದು ಅಂತ ಈಗಿನ ಮಾರ್ಗಸೂಚಿ ಹೇಳುತ್ತೆ. ಒಬ್ಬರು ಎಡ, ಇನ್ನೊಬ್ಬರು ಬಲ ಅಂತ ಬರೆದಿದ್ದರೆ ಮಾತ್ರ ಡಾಕ್ಟರ್‌ಗೆ ಕ್ವೆರಿ ಹೋಗಬೇಕು.

ಅಮ್ಮ_ತಿಪಟೂರು
ಕೋಡ್ ವಿಷಯ ನನಗೆ ತಿಳಿಯಲ್ಲ. ಮಗುವಿಗೆ 5 ತಿಂಗಳು, ಬಲಗಾಲು. ಚೀಟಿಯಲ್ಲಿ "ಹೆಮಿಮೀಲಿಯಾ" ಅಂತಷ್ಟೇ ಇದೆ. ಕಾಲು ಯಾವಾಗ ಹಾಕಿಸಬೇಕು, ಪಾದ ತೆಗೆಯಲೇಬೇಕಾ?

ಮೂಳೆ_ಹುಬ್ಬಳ್ಳಿ
ತಾಯಿ, ಮೊದಲ ಯಾವ ಮೂಳಿ ಅಂತ ಬರೆಸ್ಕೊಂಡು ಬರ್ರಿ. ಎರಡೂ ಕಾಲಿನ ಎಕ್ಸ್‌ರೇ ಸೊಂಟದಿಂದ ಪಾದದ ತನಕ ಬೇಕು, ಎದುರಿಂದ, ಪಕ್ಕದಿಂದ. 5 ತಿಂಗಳ ಆಗೇದಲ್ಲ, ಸೊಂಟದ ಕೀಲು ಈಗ ಎಕ್ಸ್‌ರೇದಾಗ ನೋಡಬಹುದು. ಅದಕ್ಕಿಂತ ಸಣ್ಣ ಕೂಸಿಗೆ ಅಲ್ಟ್ರಾಸೌಂಡ್. ಕೈ, ಬೆನ್ನು, ಹೃದಯ, ಕಿಡ್ನಿ ಒಮ್ಮೆ ಪರೀಕ್ಷಾ ಮಾಡಿಸಿರಿ.

ಫಿಬುಲಾ ಇಲ್ಲದ್ದು ಉದ್ದ ಮೂಳಿ ಕೊರತೆಯೊಳಗ ಎಲ್ಲಾಕಿಂತ ಹೆಚ್ಚು ಕಾಣೋದು. ಟಿಬಿಯಾ ಮುಂದಕ್ಕ ಬಾಗಿರ್ತದ, ಬಾಗಿದಲ್ಲೆ ಚರ್ಮದ ಮ್ಯಾಲ ಒಂದು ಸಣ್ಣ ಗುಳಿ ಇರ್ತದ. ಪಾದದ ಹೊರಗಿನ ಬೆರಳು ಕಡಿಮಿ ಇರ್ತಾವ. ಮೊಣಕಾಲಿನೊಳಗಿನ ಮುಂದಿನ ಅಡ್ಡ ಲಿಗಮೆಂಟ್ ಇರಂಗಿಲ್ಲ, ಇಲ್ಲಾ ತೆಳು ಇರ್ತದ. ತೊಡಿ ಮೂಳಿನೂ ಸ್ವಲ್ಪ ಗಿಡ್ಡ ಇರಬಹುದು.

ಪಾದ ತೆಗೀಬೇಕೋ ಬ್ಯಾಡೋ ಅನ್ನೋದು ಎರಡರ ಮ್ಯಾಲ ನಿಂತದ. ಪಾದದಾಗ ಮೂರು ಇಲ್ಲಾ ಹೆಚ್ಚು ಸಾಲು ಇದ್ದು ನೆಲಕ್ಕ ಊರಲಿಕ್ಕೆ ಬರ್ತದೇನು? ಕಾಲು ಎಷ್ಟು ಶೇಕಡಾ ಗಿಡ್ಡ ಅದ? ಬರ್ಚ್ ವರ್ಗೀಕರಣದಾಗ ಪಾದ ಚೊಲೋ ಇದ್ದು 6 ಶೇಕಡಾಕ್ಕಿಂತ ಕಡಿಮಿ ಗಿಡ್ಡ ಇದ್ದರ ಶೂ ಎತ್ತರ ಮಾಡೋದು, ಇಲ್ಲಾ ಮುಂದ ಉದ್ದನ್ನ ಕಾಲಿನ ಬೆಳವಣಿಗಿ ನಿಲ್ಲಿಸೋದು ಸಾಕು. 30 ಶೇಕಡಾ ದಾಟಿದರ ಪಾದ ತೆಗದು ಕೃತಕ ಕಾಲು. ನಡುವಿನದ್ದಕ್ಕ ಕಾಲು ಉದ್ದ ಮಾಡೋದೋ, ತೆಗಿಯೋದೋ ಅಂತ ಕೂತು ಮಾತಾಡಬೇಕು. ಒಂದು ಮಾತು ಗಟ್ಟಿ ನೆನಪಿರಲಿ: ಕೂಸಿಗೆ ಕೈನೂ ಇಲ್ಲದಿದ್ದರ ಪಾದ ಮುಟ್ಟಬಾರದು. ಉಣ್ಣೋದು, ಬರಿಯೋದು ಆ ಪಾದದಿಂದನ ಆಗ್ತದ.

ಫಿಸಿಯೋ_ಉಡುಪಿ
ಆ ಶೇಕಡಾ ಮಗು ಬೆಳೆದರೂ ಬದಲಾಗಲ್ಲ ಅನ್ನೋದನ್ನ ಸೇರಿಸ್ತೀನಿ. ಸೆಂಟಿಮೀಟರ್ ಬೆಳೆಯುತ್ತೆ, ಅನುಪಾತ ಅಷ್ಟೇ ಇರುತ್ತೆ. ಮಲ್ಟಿಪ್ಲೈಯರ್ ಲೆಕ್ಕದಲ್ಲಿ ಹೆಣ್ಣು ಮಗುವಿಗೆ 3 ವರ್ಷಕ್ಕೆ, ಗಂಡು ಮಗುವಿಗೆ 4 ವರ್ಷಕ್ಕೆ ಗುಣಕ ಸುಮಾರು 2. ಅಂದರೆ 3 ವರ್ಷದ ಹುಡುಗಿಗೆ 4 ಸೆಂಮೀ ವ್ಯತ್ಯಾಸ ಇದ್ದರೆ ಬೆಳವಣಿಗೆ ನಿಂತಾಗ ಸುಮಾರು 8. ಇದು ಹುಟ್ಟಿನಿಂದ ಬಂದ ವ್ಯತ್ಯಾಸಕ್ಕೆ ಮಾತ್ರ. ಏಟು ಬಿದ್ದು ಗಿಡ್ಡವಾದ ಕಾಲಿಗೆ ಇದನ್ನ ಹಚ್ಚಬೇಡಿ.

ಟೆಕ್ಸಾಸ್_ಬಿಲ್ಲಿಂಗ್
ಈಗ ಇಲಿಜಾರೋವ್ (ಹೊರಗೆ ರಿಂಗ್ ಕಟ್ಟಿ ಮೂಳೆ ಎಳೆಯುವ ವಿಧಾನ) ಇರುವಾಗ ಪಾದ ತೆಗೆಯೋದು ಯಾಕೆ? ಉದ್ದ ಮಾಡಬಹುದಲ್ಲ.

ಮೂಳೆ_ಹುಬ್ಬಳ್ಳಿ
ಮಾಡಬಹುದ್ರಿ, ಬೆಲಿ ತಿಳಕೊಂಡು ಮಾಡಬೇಕು. ದಿನಕ್ಕ 1 ಮಿಲಿಮೀಟರ್, ಅದನ್ನೂ ಕಾಲು ಮಿಲಿಮೀಟರಿನಂಗ ನಾಲ್ಕು ಸಲ ತಿರುಗಿಸೋದು. 5 ಸೆಂಟಿಮೀಟರ್ ಆಗಲಿಕ್ಕೆ ಎಳೆಯೋದು ಒಂದೂವರಿ ಎರಡು ತಿಂಗಳ. ಆ ಹೊಸ ಮೂಳಿ ಗಟ್ಟಿ ಆಗೋ ತನಕ ರಿಂಗ್ ಇರಬೇಕು. ಸೆಂಟಿಮೀಟರಿಗೆ ಒಂದು ತಿಂಗಳ ಅಂತ ಹಿಡೀರಿ, ಒಟ್ಟ 5-6 ತಿಂಗಳ ರಿಂಗ್ ಹೊತ್ಕೊಂಡಿರಬೇಕು. ಪಿನ್ ಹುಣ್ಣು, ಮೊಣಕಾಲು ಸರಿಯೋದು, ಹಿಮ್ಮಡಿ ಮ್ಯಾಲಕ್ಕ ಎಳಿಯೋದು ಎಲ್ಲಾ ಆಗ್ತಾವ. ಲಿಗಮೆಂಟ್ ಇಲ್ಲದ ಮೊಣಕಾಲಿಗೆ ಇದು ಭಾರೀ ಕಷ್ಟ. 15 ಸೆಂಟಿಮೀಟರ್ ಬೇಕಂದ್ರ ಇಂಥಾದ್ದು ಮೂರು ಸಲ, ಬಾಲ್ಯ ಪೂರಾ ಆಸ್ಪತ್ರೆಯೊಳಗ. ಇನ್ನೊಂದು ಕಡೆ, ವರ್ಷದೊಳಗ ಸೈಮ್ ಆದ ಕೂಸು ನಡಿಯೋ ವಯಸ್ಸಿಗೇ ಕೃತಕ ಕಾಲ ಮ್ಯಾಲ ನಡೀತದ, ಓಡ್ತದ. ತಂದಿ-ತಾಯಿಗೆ ಎರಡೂ ಹೇಳಬೇಕು, ಅವಸರ ಮಾಡಬಾರದು.

ಫಿಸಿಯೋ_ಉಡುಪಿ
ಇಲ್ಲಿ ನಾನು ಸ್ವಲ್ಪ ಬೇರೆ ಹೇಳ್ತೀನಿ. ಮೂರು-ನಾಲ್ಕು ಸಾಲು ಇರುವ, ಅಡಿ ನೆಲಕ್ಕೆ ಸಮ ಕೂರುವ ಪಾದಕ್ಕೆ 15 ಶೇಕಡಾ ವ್ಯತ್ಯಾಸ ಇದ್ದರೂ "ತೆಗೆದುಬಿಡಿ, ಸುಲಭ" ಅಂತ ಹೇಳೋದು ಕೇಳಿಬರುತ್ತೆ. ಕೃತಕ ಕಾಲು ಒಂದು ಸಲದ ಖರ್ಚಲ್ಲ. ಪ್ರತಿವರ್ಷ ಹೊಸ ಸಾಕೆಟ್ (ಕೃತಕ ಕಾಲಿನಲ್ಲಿ ಮಗುವಿನ ಕಾಲು ಕೂರುವ ಗಟ್ಟಿ ಬಟ್ಟಲು) ಎಲ್ಲಿಂದ ಬರುತ್ತೆ ಅಂತ ಮೊದಲೇ ಕೇಳಿಕೊಳ್ಳಬೇಕು. ಕಾಲು ತಯಾರಿಸುವ ಕೇಂದ್ರ 200 ಕಿಮೀ ದೂರ ಇದ್ದರೆ ಆ ನಿರ್ಧಾರದ ತೂಕವೇ ಬೇರೆ.

ಮೂಳೆ_ಹುಬ್ಬಳ್ಳಿ
ಖರೇ ಅದ. ಅದನ್ನೂ ತಕ್ಕಡಿಯೊಳಗ ಇಡಬೇಕು.

ಸಾಕೆಟ್_ಮೈಸೂರು
ತಿಪಟೂರಿನ ಅಮ್ಮನವರಿಗೆ, ಯಾವಾಗ ಅನ್ನೋ ಪ್ರಶ್ನೆಗೆ: ಮಗು ಏನಾದರೂ ಹಿಡಿದು ಎದ್ದು ನಿಲ್ಲೋಕೆ ಶುರು ಮಾಡಿದಾಗ. ಸಾಮಾನ್ಯವಾಗಿ 9ರಿಂದ 12 ತಿಂಗಳು. ಅದಕ್ಕೆ ಮೊದಲು ಹಾಕಿದರೆ ತೆವಳೋಕೆ ಅಡ್ಡ, ಕಿತ್ತು ಬಿಸಾಕುತ್ತೆ. ತೀರಾ ತಡ ಮಾಡಿದರೆ ಒಂಟಿ ಕಾಲಲ್ಲಿ ಕುಪ್ಪಳಿಸೋದು, ಕೂತೇ ಸರಿಯೋದು ರೂಢಿಯಾಗಿ ಬಿಡಿಸೋದು ಕಷ್ಟ. ಪಾದ ತೆಗೆಯೋದಿದ್ದರೂ ಈ ಹೊತ್ತಿಗೆ ಗಾಯ ಮಾಗಿರುವ ಹಾಗೆ ಲೆಕ್ಕ ಹಾಕ್ತಾರೆ.

ಆಪರೇಷನ್ ಇಲ್ಲದೆಯೂ ಶುರು ಮಾಡಬಹುದು. ಇರುವ ಪಾದವನ್ನು ಒಳಗೇ ಇಟ್ಟುಕೊಂಡು ಕೆಳಗೆ ಕೃತಕ ಪಾದ ಜೋಡಿಸುವ ಸಾಧನ ಮಾಡ್ತೀವಿ. ಆತುರದಲ್ಲಿ ಒಪ್ಪಿಗೆ ಕೊಡಬೇಕಾಗಿಲ್ಲ, ಮಗು ಅಲ್ಲಿವರೆಗೆ ನಿಂತು ನಡೆಯಲಿ.

ಅಮ್ಮ_ತಿಪಟೂರು
ಇದು ಯಾರೂ ಹೇಳಿರಲಿಲ್ಲ. ತುಂಬಾ ಉಪಕಾರ ಸರ್.

ಚಾರ್ಟ್_ಹಾಸನ
ಸೈಮ್ ಮಟ್ಟದ ಮಗುವಿನ ಕಾಲಿನಲ್ಲಿ ಏನೇನು ಭಾಗ ಇರುತ್ತೆ? ಎಲ್-ಕೋಡ್‌ಗೆ (ಕೃತಕ ಕಾಲು, ಅದರ ಭಾಗಗಳ ಬಿಲ್ಲಿಂಗ್ ಕೋಡ್) ಹೊಂದಿಸೋಕೆ.

ಸಾಕೆಟ್_ಮೈಸೂರು
ಒಳಗಿಂದ ಹೊರಕ್ಕೆ ಹೇಳ್ತೀನಿ. ಚರ್ಮಕ್ಕೆ ಹತ್ತಿ ಕಾಲುಚೀಲ. ಅದರ ಮೇಲೆ 5 ಮಿಮೀ ಮೆತ್ತನೆ ಫೋಮ್ ಲೈನರ್. ಅದರ ಮೇಲೆ ಗಟ್ಟಿ ಸಾಕೆಟ್, ನಮ್ಮಲ್ಲಿ ಹೆಚ್ಚಾಗಿ ಪಾಲಿಪ್ರೊಪಿಲೀನ್ ಹಾಳೆ ಕಾಯಿಸಿ ಎಳೆದದ್ದು. ಕೆಳಗೆ ಪಾದ.

ಫಿಬುಲಾ ಇಲ್ಲದ ಕಾಲಿಗೆ ಪ್ಲಾಸ್ಟರ್ ಅಚ್ಚು ತೆಗೆಯುವಾಗ ದೊಡ್ಡವರ ಕಾಲಿನ ರೂಢಿಯಲ್ಲಿ ಹೋಗಬಾರದು. ಹೊರಗಡೆ ಫಿಬುಲಾ ತಲೆಯೇ ಇಲ್ಲ, ಅಲ್ಲಿ ಜಾಗ ಬಿಡೋ ಪ್ರಶ್ನೆ ಬರಲ್ಲ. ಜಾಗ ಬಿಡಬೇಕಾದ್ದು ಟಿಬಿಯಾ ಮುಂದಕ್ಕೆ ಬಾಗಿದ ಕೋನಕ್ಕೆ. ಒದ್ದೆ ಇರುವಾಗಲೇ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಪಾಸಿಟಿವ್ (ಅಚ್ಚಿನೊಳಗೆ ಪ್ಲಾಸ್ಟರ್ ಸುರಿದು ಮಾಡಿದ ಕಾಲಿನ ಪ್ರತಿರೂಪ) ಮೇಲೆ ಅಷ್ಟು ಜಾಗಕ್ಕೆ 5 ಮಿಮೀ ಪ್ಲಾಸ್ಟರ್ ಏರಿಸಬೇಕು. ಏರಿಸದಿದ್ದರೆ ಮೊದಲ ವಾರವೇ ಅಲ್ಲಿ ಚರ್ಮ ಕೆಂಪಾಗಿ ಒಡೆಯುತ್ತೆ, ಮಗು ಕಾಲು ಕಂಡರೆ ಅಳುತ್ತೆ, ಮನೆಯವರು "ಒಗ್ಗಲಿಲ್ಲ" ಅಂತ ಅಟ್ಟಕ್ಕೆ ಹಾಕ್ತಾರೆ.

ಸೈಮ್‌ನ ದೊಡ್ಡ ಲಾಭ, ಹಿಮ್ಮಡಿಯ ದಪ್ಪ ಚರ್ಮ ತುದಿಯಲ್ಲೇ ಇರುತ್ತೆ, ತೂಕವನ್ನು ತುದಿಯ ಮೇಲೇ ಬಿಡಬಹುದು. ದೊಡ್ಡವರಲ್ಲಿ ಸೈಮ್ ಆದರೆ ಕೆಳಗೆ ಕೃತಕ ಪಾದಕ್ಕೆ ಜಾಗ ಸಾಲಲ್ಲ. ಈ ಮಕ್ಕಳ ಕಾಲು ಮೊದಲೇ ಗಿಡ್ಡ, ಹಾಗಾಗಿ ಜಾಗದ ತೊಂದರೆ ಇಲ್ಲ. ಆ ಹಿಮ್ಮಡಿ ಚರ್ಮ ಹಿಂದಕ್ಕೆ ಜಾರೋದು ಒಂದು ತೊಂದರೆ. ಬಾಯ್ಡ್ ಮಾದರಿಯಲ್ಲಿ ಹಿಮ್ಮಡಿ ಮೂಳೆಯನ್ನು ಉಳಿಸಿ ಟಿಬಿಯಾಕ್ಕೆ ಕೂಡಿಸ್ತಾರೆ, ಆಗ ಜಾರಲ್ಲ.

ಟೆಕ್ಸಾಸ್_ಬಿಲ್ಲಿಂಗ್
ಎಲ್-ಕೋಡ್: ಸೈಮ್ ಮಟ್ಟಕ್ಕೆ ಮೂಲ ಕೋಡ್ ಎಲ್5050. ಪ್ರಯೋಗದ ಪಾರದರ್ಶಕ ಸಾಕೆಟ್ ಮಾಡಿದ್ದರೆ ಎಲ್5618. ಮೊಣಕಾಲ ಕೆಳಗಿನ ಮಟ್ಟಕ್ಕೆ ಎಲ್5301, ಪ್ರಯೋಗದ ಸಾಕೆಟ್ ಎಲ್5620, ಸಾಕೆಟ್ ಮಾತ್ರ ಬದಲಿಸಿದರೆ ಎಲ್5700. ಎಲ್ಲಕ್ಕೂ ಎಲ್‌ಟಿ (ಎಡ) ಅಥವಾ ಆರ್‌ಟಿ (ಬಲ). ಕೆ-ಮಟ್ಟ (ಕೃತಕ ಕಾಲಿನಲ್ಲಿ ಎಷ್ಟು ಓಡಾಡಬಲ್ಲರು ಅನ್ನೋ 0ರಿಂದ 4ರ ಅಳತೆ) ಕೇಳಿದರೆ ಮಕ್ಕಳಿಗೆ ಕೆ4, ಅದರ ವಿವರಣೆಯಲ್ಲೇ ಮಗು ಅನ್ನೋ ಪದ ಇದೆ. "ಇನ್ನೂ ನಡೆಯಲ್ಲ, ಆದ್ದರಿಂದ ಕೆ0" ಅಂತ ಯಾರೋ ಹಾಕಿದ್ದರೆ ಅದು ತಪ್ಪು. ನೋಡಬೇಕಾದ್ದು ಮುಂದೆ ಏನು ಸಾಧ್ಯ ಅಂತ. ನಡೆಯೋದು ಕಲಿಸುವ ಫಿಸಿಯೋಗೆ ಮೊದಲ ಭೇಟಿ 97761, ಮುಂದಿನವು 97763, ಪ್ರತಿ 15 ನಿಮಿಷಕ್ಕೆ.

ಆಡಿಟ್_ಬೆಂಗಳೂರು
ಆಪರೇಷನ್ ಕೋಡ್‌ನಲ್ಲೂ ಒಂದು ಎಚ್ಚರ. ಸೈಮ್ ಅಂತ ತಲೆಬರಹ ನೋಡಿ 27888 ಹಾಕ್ತೀರಿ. ಅದರ ವಿವರಣೆ ಕಣಕಾಲ ಎರಡು ಗಂಟುಗಳ ಮೂಲಕ ಕತ್ತರಿಸಿದ್ದು ಅಂತ. ಎಳೆ ಮಕ್ಕಳಲ್ಲಿ ಎಷ್ಟೋ ಸಲ ಮೂಳೆಯನ್ನೇ ಕತ್ತರಿಸಲ್ಲ, ಕೀಲಿನಲ್ಲಿ ಬಿಡಿಸ್ತಾರೆ. ಅದಕ್ಕೆ 27889 ಇದೆ. ಆಪರೇಷನ್ ನೋಟ್ ಪೂರ್ತಿ ಓದದೆ ತಲೆಬರಹಕ್ಕೆ ಕೋಡ್ ಹಾಕಬೇಡಿ.

ಹೊಸ_ಸಿಪಿಸಿ
ಕೀಲಿನಲ್ಲೇ ಬಿಡಿಸೋದು ಯಾಕೆ? ಮೂಳೆ ನಡುವೆ ಕತ್ತರಿಸಿದರೆ ಏನಾಗುತ್ತೆ?

ಮೂಳೆ_ಹುಬ್ಬಳ್ಳಿ
ಮಕ್ಕಳ ಮೂಳಿ ನಡುವ ಕತ್ತರಿಸಿದರ ತುದಿ ಮತ್ತ ಚೂಪಾಗಿ ಬೆಳೀತದ, ಚರ್ಮ ತೂತು ಮಾಡ್ಕೊಂಡು ಹೊರಗ ಬರ್ತದ. ಮತ್ತ ಮತ್ತ ಕತ್ತರಿಸಬೇಕಾಗ್ತದ. ಕೀಲಿನಾಗ ಬಿಡಿಸಿದರ ಮೆದುಮೂಳಿ ತುದಿ ಉಳೀತದ, ಬೆಳವಣಿಗಿ ಪಟ್ಟಿನೂ ಉಳೀತದ, ಆ ತ್ರಾಸ ಇಲ್ಲ. ಗರ್ಭದಾಗ ಪೊರಿ ಸುತ್ತಿಕೊಂಡು ಕಾಲು ತುಂಡಾಗಿ ಹುಟ್ಟಿದ ಕೂಸಿಗೂ ಈ ಚೂಪು ಬೆಳವಣಿಗಿ ಆಗಬಹುದು, ಕಣ್ಣಿಟ್ಟಿರಬೇಕು.

ಆಡಿಟ್_ಬೆಂಗಳೂರು
ಪೊರೆ ಪಟ್ಟಿ ಅಂತ ಡಾಕ್ಟರ್ ಬರೆದಿದ್ದರೆ ಕ್ಯೂ79.8 ಕೂಡ ಸೇರಿಸಿ, ಜನ್ಮಜಾತ ಬಿಗಿ ಪಟ್ಟಿ ಅಲ್ಲಿದೆ. "ಇರಬಹುದು" ಅಂತ ಬರೆದಿದ್ದರೆ ಹೊರರೋಗಿ ಚಾರ್ಟ್‌ನಲ್ಲಿ ಹಾಕಬೇಡಿ.

ಫಿಸಿಯೋ_ಉಡುಪಿ
ಟಿಬಿಯಾ ಇಲ್ಲದ ಮಕ್ಕಳ ವಿಷಯ ಯಾರೂ ಎತ್ತಲಿಲ್ಲ. ಫಿಬುಲಾ, ಟಿಬಿಯಾ ಅದಲು ಬದಲಾದರೆ 72.6, 72.5 ಅಂತ ಒಂದು ಅಂಕಿ ವ್ಯತ್ಯಾಸ, ಚಿಕಿತ್ಸೆಯಲ್ಲಿ ಅಜಗಜಾಂತರ. ಟಿಬಿಯಾ ಪೂರ್ತಿ ಇಲ್ಲ, ಮೊಣಕಾಲು ಚಾಚುವ ಸ್ನಾಯುವಿಗೆ ಹಿಡಿತ ಇಲ್ಲ ಅಂದರೆ ಮೊಣಕಾಲ ಕೀಲಿನಲ್ಲೇ ಬಿಡಿಸ್ತಾರೆ. ಮೇಲ್ತುದಿ ಸ್ವಲ್ಪ ಇದ್ದರೆ ಫಿಬುಲಾವನ್ನು ಅದಕ್ಕೆ ಕೂಡಿಸಿ ಮೊಣಕಾಲು ಉಳಿಸಬಹುದು. ಎಳೆ ಮಗುವಿನಲ್ಲಿ ಆ ಮೇಲ್ತುದಿ ಬರೀ ಮೆದುಮೂಳೆ, ಎಕ್ಸ್‌ರೇನಲ್ಲಿ ಕಾಣಲ್ಲ. ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸದೆ "ಟಿಬಿಯಾ ಇಲ್ಲ" ಅಂತ ತೀರ್ಮಾನಿಸಬಾರದು. ಕೆಲವು ಮನೆತನಗಳಲ್ಲಿ ಇದು ವಂಶದಲ್ಲೂ ಬರುತ್ತೆ, ವಂಶವಾಹಿ ಸಲಹೆ ಕೊಡಿಸಬೇಕು. ಫಿಬುಲಾದ್ದು ಹೆಚ್ಚಾಗಿ ಹಾಗೆ ಬರಲ್ಲ.

ಹೊಸ_ಸಿಪಿಸಿ
ಭಾರತದ ವಿಮೆ ಕ್ಲೇಮ್ ಬಗ್ಗೆ ಒಂದು ಪ್ರಶ್ನೆ. ಕ್ಯೂ72 ಕಂಡರೆ "ಹೊರಗಿನ ಜನ್ಮಜಾತ ಊನ" ಅಂತ ತಿರಸ್ಕರಿಸ್ತಾರೆ. ಕೆಲವು ಕಡೆ ಝಡ್89 ಅಥವಾ ಅಪಘಾತದ ಎಸ್88 ಹಾಕಿ ಕಳಿಸಿ ಅಂತ ಹೇಳ್ತಾರಂತೆ. ಹಾಗೆ ಮಾಡಬಹುದಾ?

ಆಡಿಟ್_ಬೆಂಗಳೂರು
ಮಾಡಬಾರದು. ಎಸ್88 ಹಾಕಿದರೆ ಅಪಘಾತ ಎಲ್ಲಿ, ಯಾವಾಗ, ಪೊಲೀಸ್ ದಾಖಲೆ ಎಲ್ಲಿ ಅಂತ ಕೇಳ್ತಾರೆ. ಹಳೆಯ ಎಕ್ಸ್‌ರೇ ಒಂದು ಸಾಕು ಸಿಕ್ಕಿಬೀಳೋಕೆ. ಆಮೇಲೆ ಆ ಕುಟುಂಬದ ಪಾಲಿಸಿಯೇ ರದ್ದಾಗಬಹುದು, ಮಗುವಿನ ಅಂಗವಿಕಲತೆ ಪ್ರಮಾಣಪತ್ರಕ್ಕೂ ಆಸ್ಪತ್ರೆ ದಾಖಲೆಗೂ ತಾಳೆ ಆಗಲ್ಲ. ಕಣ್ಣಿಗೆ ಕಾಣುವ, ಕೈಗೆ ಸಿಗುವ ಭಾಗದ ಊನವೇ ಹೊರಗಿನದ್ದು ಅನ್ನೋದು ಪಾಲಿಸಿಗಳ ವ್ಯಾಖ್ಯೆ. ಅದರಲ್ಲಿ ಕಾಲು ಬಂದೇ ಬರುತ್ತೆ. ಪಾಲಿಸಿ ಪುಸ್ತಕದ ಹೊರಗಿಟ್ಟವುಗಳ ಪಟ್ಟಿ ಮೊದಲು ಓದಿ. ಎಲ್ಲ ಪಾಲಿಸಿಯೂ ಒಂದೇ ಥರ ಇರಲ್ಲ, ಗುಂಪು ವಿಮೆಯಲ್ಲಿ ಕೆಲವು ಕಂಪನಿಗಳು ಸೇರಿಸಿರುತ್ತವೆ.

ಪಂಚಾಯ್ತಿ_ಪುನರ್ವಸತಿ
ವಿಮೆ ಸಿಗದಿದ್ದರೆ ಎಡಿಐಪಿ ಇದೆ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಯೋಜನೆ, 1981ರಿಂದ ನಡೀತಿದೆ. ಸಾಮಾನ್ಯರಿಗೆ ಒಮ್ಮೆ ಪಡೆದ ಮೇಲೆ 3 ವರ್ಷ ಕಾಯಬೇಕು, 12 ವರ್ಷದೊಳಗಿನ ಮಕ್ಕಳಿಗೆ 1 ವರ್ಷ ಮಾತ್ರ. ಈ ವಿಷಯ ಗೊತ್ತಿಲ್ಲದೆ ಎಷ್ಟೋ ಮನೆಯವರು ಸಣ್ಣದಾದ ಕಾಲನ್ನೇ ಹಾಕಿಸ್ತಿರ್ತಾರೆ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮೊದಲು ಮಾಡಿಸಿ. ಅಂಗವಿಕಲತೆ 40 ಶೇಕಡಾ ಅಥವಾ ಹೆಚ್ಚು ಇದ್ದರೆ ಹೆಚ್ಚಿನ ಸೌಲಭ್ಯ ಸಿಗುತ್ತೆ. 40ಕ್ಕಿಂತ ಕಡಿಮೆಗೆ ಬಿಳಿ, 40ರಿಂದ 79ಕ್ಕೆ ಹಳದಿ, 80 ಮತ್ತು ಅದರ ಮೇಲೆ ನೀಲಿ ಕಾರ್ಡ್. ನಿಮ್ಮ ಗ್ರಾಮ ಪಂಚಾಯ್ತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರ್ತಾರೆ, ಅರ್ಜಿ ಹಾಕಿಸಿಕೊಡ್ತಾರೆ.

ಕರಾವಳಿ_ಕೋಡರ್
ನಿರಾಮಯ ವಿಮೆಯೂ ಸಿಗುತ್ತಲ್ವಾ, 1 ಲಕ್ಷದ್ದು?

ಪಂಚಾಯ್ತಿ_ಪುನರ್ವಸತಿ
ಇಲ್ಲ. ನಿರಾಮಯ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವಿಕಲತೆ, ಬಹು ಅಂಗವಿಕಲತೆಗೆ ಮಾತ್ರ. ಕಾಲು ಒಂದೇ ಇಲ್ಲದಿದ್ದರೆ ಅದರಲ್ಲಿ ಬರಲ್ಲ.

ಮೂಳೆ_ಹುಬ್ಬಳ್ಳಿ
ಪ್ರಮಾಣಪತ್ರದಾಗೂ ಅಡ್ಡ, ಉದ್ದ ಅನ್ನೋದು ಬರ್ತದ ನೋಡ್ರಿ. ಅಡ್ಡ ಕೊರತೆ ಇದ್ದರ ಕಾಲು ಕತ್ತರಿಸಿದವರ ಕೋಷ್ಟಕದಿಂದನ ಶೇಕಡಾ ಹಾಕ್ತಾರ. ಉದ್ದ ಕೊರತಿಗೆ ಕೀಲು ಎಷ್ಟು ಆಡ್ತದ, ಸ್ನಾಯುವಿನ ಬಲ, ಎಷ್ಟು ಗಿಡ್ಡ ಅಂತ ಅಳೀಬೇಕು. ಚೀಟಿಯೊಳಗ ಬರೀ ಹೆಮಿಮೀಲಿಯಾ ಅಂತ ಇದ್ದರ ಬೋರ್ಡಿನ ಮುಂದ ಅಳತಿ ತಪ್ಪತದ.

ಅಮ್ಮ_ತಿಪಟೂರು
ಕಾಲು ಸಣ್ಣದಾಯ್ತು ಅಂತ ಮನೆಯಲ್ಲೇ ಹೇಗೆ ಗೊತ್ತಾಗುತ್ತೆ?

ಸಾಕೆಟ್_ಮೈಸೂರು
ಕಾಲು ಬಿಚ್ಚಿದ ಕೂಡಲೇ ಚರ್ಮ ನೋಡಿ. ಕೆಂಪು ಗುರುತು 10-15 ನಿಮಿಷದಲ್ಲಿ ಹೋದರೆ ಪರವಾಗಿಲ್ಲ. ಹೋಗದಿದ್ದರೆ, ಗುಳ್ಳೆ ಎದ್ದರೆ, ಕಾಲು ನಿಲ್ಲಿಸಿ ಕೇಂದ್ರಕ್ಕೆ ಬನ್ನಿ. ಮೊದಲು ಪೂರ್ತಿ ಒಳಗೆ ಹೋಗ್ತಿದ್ದ ಸ್ಟಂಪ್ ಈಗ ಮೇಲೇ ನಿಂತರೆ ಸಾಕೆಟ್ ಬಿಗಿಯಾಗಿದೆ. ಹಾಗೆ ಆಗುತ್ತೆ ಅಂತಲೇ ಹೊಸ ಸಾಕೆಟ್ಟನ್ನ 5 ಪ್ಲೈ ದಪ್ಪದ ಕಾಲುಚೀಲಕ್ಕೆ ಅಳತೆ ಮಾಡ್ತೀವಿ. ಮಗು ದಪ್ಪ ಆದ ಹಾಗೆ 3 ಪ್ಲೈ, ಆಮೇಲೆ 1 ಪ್ಲೈ ಹಾಕಿ. 1 ಪ್ಲೈಗೆ ಬಂದಿರಿ ಅಂದರೆ ಹೊಸ ಸಾಕೆಟ್‌ಗೆ ಆಗಲೇ ಹೆಸರು ಬರೆಸಬೇಕು, ತಯಾರಾಗೋಕೆ ಸಮಯ ಹಿಡಿಯುತ್ತೆ.

ಉದ್ದ ನೋಡೋಕೆ ಮಗುವನ್ನ ನಿಲ್ಲಿಸಿ ಹಿಂದಿನಿಂದ ಸೊಂಟದ ಎರಡೂ ಮೂಳೆ ಮೇಲೆ ಬೆರಳಿಡಿ. ಒಂದು ಕಡೆ ಕೆಳಗಿದ್ದರೆ ಆ ಪಾದದ ಅಡಿ ನೋಟ್‌ಬುಕ್ ಇಡುತ್ತಾ ಹೋಗಿ. 1 ಸೆಂಮೀ ಹತ್ತಿರ ಬಂದರೆ ಉದ್ದ ಮಾಡಿಸಬೇಕು. ಒಳಗೆ ಪೈಪ್ ಇರುವ ಕಾಲಿಗೆ ಪೈಪ್ ಬದಲಿಸಿದರೆ ಆಯ್ತು. ಪ್ರತಿ 3 ತಿಂಗಳಿಗೆ ಒಮ್ಮೆ ಈ ಪರೀಕ್ಷೆ. ಹೊಸ ಕಾಲು 5 ವರ್ಷದವರೆಗೆ ಹೆಚ್ಚೂಕಡಿಮೆ ವರ್ಷಕ್ಕೊಂದು, 12ರವರೆಗೆ 2 ವರ್ಷಕ್ಕೊಂದು, ಆಮೇಲೆ 3-4 ವರ್ಷಕ್ಕೊಂದು ಬೇಕಾಗುತ್ತೆ.

ಟೆಕ್ಸಾಸ್_ಬಿಲ್ಲಿಂಗ್
ಇದೇ ಅಳತೆ ಕ್ಲೇಮ್‌ಗೂ ಬೇಕು. "ಮಗು ಬೆಳೆದಿದೆ, ಬದಲಿ ಸಾಕೆಟ್" ಅಂತ ಬರೆದರೆ ತಿರಸ್ಕಾರ. ಹಳೆಯ ಸುತ್ತಳತೆ, ಹೊಸ ಸುತ್ತಳತೆ, ಈಗ ಎಷ್ಟು ಪ್ಲೈ, ಚರ್ಮದ ಸ್ಥಿತಿ, ಎರಡೂ ದಿನಾಂಕ ಇದ್ದರೆ ಪಾಸು. ಮೆಡಿಕೇಯ್ಡ್ (ಅಮೆರಿಕದಲ್ಲಿ ಕಡಿಮೆ ಆದಾಯದವರ ಸರ್ಕಾರಿ ವಿಮೆ) ಇರುವ 21 ವರ್ಷದೊಳಗಿನವರಿಗೆ ಇಪಿಎಸ್‌ಡಿಟಿ (ಅದರ ಮಕ್ಕಳ ಆರೋಗ್ಯ ಸೌಲಭ್ಯ) ಅಡಿಯಲ್ಲಿ ವೈದ್ಯಕೀಯವಾಗಿ ಬೇಕಾದ್ದನ್ನು ಕೊಡಲೇಬೇಕು, ಮೇಲ್ಮನವಿಯಲ್ಲಿ ಅದನ್ನ ಬರೆಯಿರಿ.

ಚಾರ್ಟ್_ಹಾಸನ
ಎಲ್ಲರಿಗೂ ವಂದನೆ. ಮಾದರಿ ಕೇಸಿಗೆ ಝಡ್44.122, ಕ್ಯೂ72.62, ಝಡ್89.442, ಜೊತೆಗೆ ಎಲ್5050 ಎಲ್‌ಟಿ ಅಂತ ಬರೆದು, ಎಕ್ಸ್‌ಕ್ಲೂಡ್ಸ್1 ಬಗ್ಗೆ ಎರಡು ಸಾಲು ಟಿಪ್ಪಣಿ ಹಾಕ್ತೀನಿ. ಕರಾವಳಿಯವರು ಒಪ್ಪಲ್ಲ ಅಂತ ಗೊತ್ತು.

ಕರಾವಳಿ_ಕೋಡರ್
ಒಪ್ಪಲ್ಲ. ಟಿಪ್ಪಣಿ ಮಾತ್ರ ಹಾಕಿ.

ಅಮ್ಮ_ತಿಪಟೂರು
ಕೊನೆಗೊಂದು. ಮನೆಯೊಳಗೆ ಚಪ್ಪಲಿ ಇಲ್ಲದೆ ನಡೆಸಬಹುದಾ?

ಸಾಕೆಟ್_ಮೈಸೂರು
ಯಾವ ಪಾದ ಅನ್ನೋದರ ಮೇಲೆ. ಜೈಪುರ ಪಾದ ರಬ್ಬರಿನದ್ದು, ಬರಿಗಾಲಲ್ಲಿ ನಡೆಯೋಕೆ, ನೆಲದ ಮೇಲೆ ಕೂರೋಕೆ ಅಂತಲೇ ಮಾಡಿದ್ದು. ಸ್ಯಾಚ್ ಪಾದವನ್ನು (ಕಣಕಾಲು ಆಡದ, ಮೆತ್ತನೆ ಹಿಮ್ಮಡಿಯ ಕೃತಕ ಪಾದ) ಶೂ ಹಿಮ್ಮಡಿಯ ಎತ್ತರಕ್ಕೆ ಜೋಡಿಸಿರ್ತಾರೆ. ಶೂ ಬಿಚ್ಚಿದರೆ ಕಾಲು ಹಿಂದಕ್ಕೆ ವಾಲಿ ಮೊಣಕಾಲು ಹಿಮ್ಮುಖ ಬಾಗುತ್ತೆ. ಲಿಗಮೆಂಟ್ ಇಲ್ಲದ ಮೊಣಕಾಲಿಗೆ ಅದು ಕೆಟ್ಟದ್ದು. ಅಳತೆ ಕೊಡುವ ದಿನವೇ "ಮನೆಯಲ್ಲಿ ಬರಿಗಾಲು" ಅಂತ ಹೇಳಿ, ಅದಕ್ಕೆ ತಕ್ಕ ಹಾಗೆ ಜೋಡಿಸ್ತಾರೆ. ಹೊರಗೆ ಶೂ ಹಾಕುವಾಗ ಒಳಗೆ ಬೆರಳ ಕಡೆಗೆ ಒಂದು ಗಟ್ಟಿ ತುಂಡು ಇಟ್ಟು ಹಿಮ್ಮಡಿ ಎತ್ತರಕ್ಕೆ ಸಮ ಮಾಡಿಕೊಳ್ಳಬೇಕು, ಆ ತುಂಡನ್ನೂ ಅವತ್ತೇ ಕೇಳಿ ಪಡೆಯಿರಿ.